ಎಂಜಿನ್ ಮಾರಾಟಕ್ಕಿದೆ, ವಿದ್ಯೆಯಲ್ಲ

2025ರ ಮೇ ತಿಂಗಳ ಕೊನೆಯಲ್ಲಿ ಅಮೆರಿಕ ಸರ್ಕಾರವು ಚೀನಾದ ಕೊಮ್ಯಾಕ್ ಕಂಪನಿಗೆ ವಿಮಾನ ಎಂಜಿನ್ ಮತ್ತು ತತ್ಸಂಬಂಧಿ ತಂತ್ರಜ್ಞಾನ ಮಾರಲು ತಾನು ಹಿಂದೆ ನೀಡಿದ್ದ ಕೆಲವು ಪರವಾನಗಿಗಳನ್ನು ಅಮಾನತಿನಲ್ಲಿರಿಸಿತು. ಕೊಮ್ಯಾಕ್ ತಯಾರಿಸುವ ಸಿ-919 ಪ್ರಯಾಣಿಕ ವಿಮಾನ ಚೀನಾದ ಕೈಗಾರಿಕಾ ಸ್ವಾಭಿಮಾನದ ಸಂಕೇತ. ಆದರೆ ಅದರ ರೆಕ್ಕೆಗಳ ಕೆಳಗೆ ತೂಗುವ ಎರಡು ಲೀಪ್ ಎಂಜಿನ್‌ಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ (ಜಿಇ) ಹಾಗೂ ಫ್ರಾನ್ಸಿನ ಸಫ್ರಾನ್ ಸಂಸ್ಥೆಗಳ ಜಂಟಿ ಉತ್ಪನ್ನ. ಅದೇ ವರ್ಷದ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಭೂಲೋಹಗಳ ರಫ್ತಿಗೆ ಪರವಾನಗಿಯನ್ನು ಕಡ್ಡಾಯ ಮಾಡಿತ್ತು. ಎಂಜಿನ್ ತಡೆ ಅದಕ್ಕೆ ಕೊಟ್ಟ ಪ್ರತ್ಯುತ್ತರ. ಜುಲೈ ಮೊದಲ ವಾರದಲ್ಲಿ ಎರಡೂ ಕಡೆ ಪಟ್ಟು ಸಡಿಲವಾಯಿತು, ಪರವಾನಗಿಗಳು ಮರಳಿ ಜೀವ ಪಡೆದವು.

ಸುಮಾರು ಐದು ವಾರಗಳ ಈ ಪ್ರಸಂಗ ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಎರಡು ದೈತ್ಯರ ಜಗಳವೆಂದು ಬದಿಗಿಟ್ಟೆವು. ಆದರೆ ಎಂಜಿನ್ನಿಗಾಗಿ ಕಾಯುವ ಅನುಭವ ಬೆಂಗಳೂರಿಗಿರುವಷ್ಟು ಲೋಕದ ಇನ್ನಾವುದೇ ನಗರಕ್ಕೆ ಇದೆಯೆಂದು ನನಗೆ ಅನ್ನಿಸುವುದಿಲ್ಲ. ಆದ್ದರಿಂದ ಈ ರಫ್ತು ನಿಯಂತ್ರಣವೆಂಬುದು ನಿಜಕ್ಕೂ ಯಾವುದನ್ನು ತಡೆಯುತ್ತದೆ, ಯಾವುದನ್ನು ಬಿಡುತ್ತದೆ ಎಂಬುದನ್ನು ತುಸು ವಿವರವಾಗಿ ನೋಡುವುದು ಒಳ್ಳೆಯದು.

ಶೀತಲ ಸಮರದ ಕಾಲದಲ್ಲಿ ಪಾಶ್ಚಾತ್ಯ ರಾಷ್ಟ್ರಗಳು ಕೋಕಾಂ ಎಂಬ ಸಮಿತಿಯ ಮೂಲಕ ಸೋವಿಯತ್ ಕೂಟಕ್ಕೆ ಸೂಕ್ಷ್ಮ ಸರಕು ಹೋಗದಂತೆ ನೋಡಿಕೊಳ್ಳುತ್ತಿದ್ದವು. 1994ರಲ್ಲಿ ಅದು ಮುಚ್ಚಿತು. 1996ರಲ್ಲಿ ಅದರ ಜಾಗಕ್ಕೆ ವಾಸ್ಸೆನಾರ್ ಒಡಂಬಡಿಕೆ ಬಂತು. ಈಗ ಅದರಲ್ಲಿ 42 ರಾಷ್ಟ್ರಗಳಿವೆ. 2017ರ ಡಿಸೆಂಬರ್‌ನಿಂದ ಭಾರತವೂ ಒಂದು. ಸೈನಿಕ ಮತ್ತು ನಾಗರಿಕ ಎರಡೂ ಉಪಯೋಗಕ್ಕೆ ಒದಗಬಲ್ಲ ಸರಕುಗಳ ಅದರ ಪಟ್ಟಿಯಲ್ಲಿ ಎಂಟನೆಯ ವರ್ಗ ಸಾಗರಕ್ಕೆ ಸಂಬಂಧಿಸಿದ್ದು, ಒಂಬತ್ತನೆಯದು ವೈಮಾನಿಕ ಎಂಜಿನ್‌ಗಳದ್ದು. ಸದಸ್ಯ ರಾಷ್ಟ್ರಗಳು ಈ ಪಟ್ಟಿಯನ್ನು ತಮ್ಮ ತಮ್ಮ ಕಾನೂನಿನೊಳಗೆ ತಂದುಕೊಳ್ಳುತ್ತವೆ. ಬೇಕಾದರೆ ಇನ್ನಷ್ಟು ಬಿಗಿಗೊಳಿಸಿಕೊಳ್ಳುತ್ತವೆ. ಚೀನಾದ ವಿಷಯದಲ್ಲಿ ಅಮೆರಿಕ ಮಾಡಿರುವುದು ಅದನ್ನೇ.

ಇಂತಹ ಪಟ್ಟಿಗಳನ್ನು ಓದುವುದು ಎಲ್ಲರಿಗೂ ಹಿಡಿಸುವ ಹವ್ಯಾಸವಲ್ಲ. ಕಡತಗಳ ನಡುವೆ ಬದುಕು ಸವೆಸಿದ ನನ್ನಂಥವರಿಗೆ ಅದರಲ್ಲೂ ಒಂದು ರುಚಿಯಿದೆ. ಒಂಬತ್ತನೆಯ ವರ್ಗದಲ್ಲಿ ಒಂದು ಟಿಪ್ಪಣಿಯಿದೆ: ಸದಸ್ಯ ರಾಷ್ಟ್ರವೊಂದರ ನಾಗರಿಕ ವಿಮಾನಯಾನ ಪ್ರಾಧಿಕಾರದ ಪ್ರಮಾಣಪತ್ರ ಪಡೆದ, ಪ್ರಯಾಣಿಕ ವಿಮಾನಕ್ಕೆಂದೇ ಇರುವ ಎಂಜಿನ್ನಿಗೆ ಈ ನಿಯಂತ್ರಣ ಅನ್ವಯಿಸದು. ಅಂದರೆ ಎಂಜಿನ್ ಸಿದ್ಧವಸ್ತುವಾಗಿ ಬೇಕಿದ್ದರೆ ಹಣ ಕೊಟ್ಟು ಕೊಳ್ಳಬಹುದು. ಕೆಲವು ಪುಟಗಳ ಮುಂದೆ, ತಂತ್ರಜ್ಞಾನದ ಭಾಗದಲ್ಲಿ, ದನಿ ಬದಲಾಗುತ್ತದೆ. ಒಂದು ಸಾವಿರ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, 200 ಮೆಗಾಪ್ಯಾಸ್ಕಲ್ ಎಳೆತಕ್ಕೆ ಸಿಕ್ಕಿಯೂ 400 ಗಂಟೆಗಳಿಗಿಂತ ಹೆಚ್ಚು ಕಾಲ ಮುರಿಯದೆ ಬಾಳುವ ಏಕಸ್ಫಟಿಕ ಟರ್ಬೈನ್ ಬ್ಲೇಡನ್ನು ತಯಾರಿಸುವ ವಿದ್ಯೆ ನಿಯಂತ್ರಿತ. ಬ್ಲೇಡಿನೊಳಗೆ ತಂಪು ಗಾಳಿ ಹರಿಸುವ ಸೂಕ್ಷ್ಮ ನಾಳಗಳನ್ನು ಮೂಡಿಸುವ ವಿದ್ಯೆ ನಿಯಂತ್ರಿತ. ಎಂಜಿನ್ನನ್ನು ಕ್ಷಣಕ್ಷಣವೂ ಅಂಕೆಯಲ್ಲಿಡುವ ಡಿಜಿಟಲ್ ವ್ಯವಸ್ಥೆಯ ವಿದ್ಯೆಯೂ ಹಾಗೆಯೇ.

ಬ್ಲೇಡಿಗೆ ಇಷ್ಟು ಕಾವಲೇಕೆ? ಆಧುನಿಕ ಜೆಟ್ ಎಂಜಿನ್ನಿನ ದಹನಕೋಶದಿಂದ ನುಗ್ಗಿಬರುವ ಅನಿಲದ ಶಾಖ, ಅದು ಬಡಿಯುವ ಬ್ಲೇಡಿನ ಲೋಹ ಕರಗುವ ಮಟ್ಟಕ್ಕಿಂತ ಹೆಚ್ಚು. ಆ ಸ್ಥಿತಿಯಲ್ಲೂ ಅದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರಬೇಕು. ಸಾಮಾನ್ಯ ಎರಕದಲ್ಲಿ ಲೋಹ ಹರಳು ಹರಳಾಗಿ ಗಟ್ಟಿಯಾಗುತ್ತದೆ. ಹರಳುಗಳ ಅಂಚಿನಲ್ಲೇ ಬಿರುಕು ಹುಟ್ಟುವುದು. ಆದ್ದರಿಂದ ಇಡೀ ಬ್ಲೇಡು ಒಂದೇ ಹರಳಾಗುವಂತೆ ಎರಕ ಹೊಯ್ಯಬೇಕು. ಅದರ ಮೇಲೆ ಶಾಖ ತಡೆಯುವ ಪಿಂಗಾಣಿಯಂಥ ಲೇಪನ ಕೊಡಬೇಕು. ಇದನ್ನು ಚಿತ್ರ ಬಿಡಿಸಿ ಹೇಳಿಕೊಡುವುದು ಕಷ್ಟ. ಎಷ್ಟು ನಿಧಾನ ತಣಿಸಬೇಕು, ಅಚ್ಚಿನ ಮಣ್ಣು ಹೇಗಿರಬೇಕು ಎಂಬುದೆಲ್ಲ ಹತ್ತಾರು ವರ್ಷ ಎರಕ ಕೆಟ್ಟು, ಮತ್ತೆ ಹೊಯ್ದು ಕಲಿತದ್ದು. ಒಂದು ಎಂಜಿನ್ನನ್ನು ಬಿಚ್ಚಿ ನೋಡಿದರೆ ಬ್ಲೇಡು ಕಾಣುತ್ತದೆ, ಎರಕದ ಮನೆ ಕಾಣುವುದಿಲ್ಲ.

ಇದೇ ಲೇಪನದಲ್ಲಿ ಇಟ್ರಿಯಂ ಎಂಬ ಲೋಹದ ಆಕ್ಸೈಡ್ ಸೇರುತ್ತದೆ. 2025ರ ಏಪ್ರಿಲ್‌ನಲ್ಲಿ ಚೀನಾ ನಿಯಂತ್ರಿಸಿದ ಏಳು ಲೋಹಗಳಲ್ಲಿ ಇಟ್ರಿಯಂ ಕೂಡ ಒಂದು. ಬ್ಲೇಡಿನ ವಿದ್ಯೆಯನ್ನು ಒಬ್ಬ ಬಿಗಿಹಿಡಿದರೆ ಬ್ಲೇಡಿಗೆ ಬಳಿಯುವ ಲೋಹವನ್ನು ಇನ್ನೊಬ್ಬ ಬಿಗಿಹಿಡಿದ. ಅದಕ್ಕೂ ಮುನ್ನ, 2024ರ ಜುಲೈ 1ರಿಂದ, ವಿಮಾನದ ರಚನಾಭಾಗಗಳು ಹಾಗೂ ಗ್ಯಾಸ್ ಟರ್ಬೈನ್ ಎಂಜಿನ್ ತಯಾರಿಸುವ ಕೆಲವು ಯಂತ್ರೋಪಕರಣ, ತಂತ್ರಾಂಶ, ತಂತ್ರಜ್ಞಾನಗಳ ರಫ್ತಿಗೂ ಚೀನಾ ಪರವಾನಗಿ ವಿಧಿಸಿತ್ತು. ನಿನ್ನೆಯವರೆಗೆ ಪಟ್ಟಿಯ ಬಲಿಪಶುವಾಗಿದ್ದ ದೇಶ ಇಂದು ತಾನೇ ಪಟ್ಟಿ ಬರೆಯುತ್ತಿದೆ. ಪರಸ್ಪರ ಅವಲಂಬನೆ ಇದ್ದಲ್ಲಿ ಶಾಂತಿ ಇರುತ್ತದೆಂದು ನಾವು ಅರ್ಥಶಾಸ್ತ್ರದ ತರಗತಿಗಳಲ್ಲಿ ಕಲಿತಿದ್ದೆವು. ಅವಲಂಬನೆಯ ಎರಡೂ ತುದಿಗಳಲ್ಲಿ ಗಂಟಲು ಹಿಡಿಯುವ ಕೈ ಇರಬಹುದೆಂಬ ಅಧ್ಯಾಯ ಆ ಪಠ್ಯದಲ್ಲಿ ಇರಲಿಲ್ಲ.

ಇನ್ನು ಬೆಂಗಳೂರಿನ ಮಾತಿಗೆ ಬರೋಣ. ಜರ್ಮನಿಯ ಕುರ್ಟ್ ಟಾಂಕ್ ಅವರ ನೇತೃತ್ವದಲ್ಲಿ ಎಚ್‌ಎಎಲ್ ರೂಪಿಸಿದ ಮಾರುತ್ ಯುದ್ಧವಿಮಾನ 1961ರ ಜೂನ್ 17ರಂದು ಈ ನಗರದ ಆಗಸದಲ್ಲಿ ಮೊದಲು ಹಾರಿತು. ಶಬ್ದದ ಎರಡು ಪಟ್ಟು ವೇಗ ಅದರ ಗುರಿ. ಅದಕ್ಕೆಂದು ನೆಚ್ಚಿಕೊಂಡಿದ್ದ ಬ್ರಿಟನ್ನಿನ ಆರ್ಫಿಯಸ್-12 ಎಂಜಿನ್ನಿನ ಅಭಿವೃದ್ಧಿಯನ್ನು ಅಲ್ಲಿನವರು ಕೈಬಿಟ್ಟರು. ಅದನ್ನು ಮುಂದುವರಿಸುವ ವೆಚ್ಚ ಹೊರಲು ನಮ್ಮ ಸರ್ಕಾರ ಮನಸ್ಸು ಮಾಡಲಿಲ್ಲ. ಈಜಿಪ್ಟಿನ ಎಂಜಿನ್ನಿನ ಜೊತೆ ಹೂಡಿದ ಪ್ರಯೋಗವೂ ಫಲಿಸಲಿಲ್ಲ. ಕೊನೆಗೆ ಕಡಿಮೆ ಶಕ್ತಿಯ ಆರ್ಫಿಯಸ್-703 ಹೊತ್ತು 147 ಮಾರುತ್‌ಗಳು ತಯಾರಾದವು. ಒಳ್ಳೆಯ ಕುದುರೆಗೆ ಅರ್ಧ ಹೊಟ್ಟೆ ಮೇವು ಹಾಕಿದಂತೆ. ಗಮನಿಸಬೇಕಾದದ್ದೆಂದರೆ ಇಲ್ಲಿ ಯಾರೂ ನಮಗೆ ನಿರ್ಬಂಧ ಹೇರಿರಲಿಲ್ಲ. ಬಾಗಿಲು ತೆರೆದೇ ಇತ್ತು. ಒಳಗೆ ಹೋಗುವ ಶುಲ್ಕ ದುಬಾರಿಯೆಂದು ನಾವೇ ಹಿಂದಿರುಗಿದೆವು.

ಬಾಗಿಲು ಮುಚ್ಚಿದ ಅನುಭವ ಬಂದದ್ದು 1998ರ ಮೇ ತಿಂಗಳ ಪೋಖ್ರಾನ್ ಪರೀಕ್ಷೆಗಳ ನಂತರ. ತೇಜಸ್‌ನ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳನ್ನು ವಾಪಸು ಕಳುಹಿಸಲಾಯಿತು. ನೌಕಾಪಡೆಯ ಸೀ ಕಿಂಗ್ ಹೆಲಿಕಾಪ್ಟರ್‌ಗಳ ಕಥೆ ಇನ್ನೂ ಬೋಧಪ್ರದ. ಅವನ್ನು ನಾವು ಕೊಂಡದ್ದು ಬ್ರಿಟನ್ನಿನಿಂದ. ಆದರೆ ಅವುಗಳ ಒಳಗಿದ್ದ ಹಲವು ಭಾಗಗಳು ಅಮೆರಿಕದ ಮೂಲದವು. ಅಮೆರಿಕದ ಕಾನೂನು ತನ್ನ ಮೂಲದ ವಸ್ತುವನ್ನು ಮೂರನೆಯವರು ಮರುರಫ್ತು ಮಾಡುವುದಕ್ಕೂ ತನ್ನ ಅನುಮತಿ ಬೇಕೆನ್ನುತ್ತದೆ. ಬಿಡಿಭಾಗ ಬರಲಿಲ್ಲ, ಹೆಲಿಕಾಪ್ಟರ್‌ಗಳು ನೆಲ ಬಿಟ್ಟೇಳಲಿಲ್ಲ. ಅಂಗಡಿ ಯಾವುದೆಂದು ನೋಡಿದರೆ ಸಾಲದು, ಸರಕಿನ ಒಳಗಿನ ಬೋಲ್ಟು ಯಾರದೆಂಬುದೂ ಮುಖ್ಯವೆಂಬುದನ್ನು ಆ ವರ್ಷಗಳು ತೋರಿಸಿದವು.

2001ರಲ್ಲಿ ಆ ನಿರ್ಬಂಧಗಳು ತೆರವಾದವು. 2011ರಲ್ಲಿ ಇಸ್ರೋ ಮತ್ತು ಡಿಆರ್‌ಡಿಒದ ಹಲವು ಅಂಗಗಳು ಅಮೆರಿಕದ ಕಪ್ಪುಪಟ್ಟಿಯಿಂದ ಹೊರಬಂದವು. 2018ರಲ್ಲಿ ಅಮೆರಿಕ ನಮ್ಮನ್ನು ತನ್ನ ಆಪ್ತ ಮಿತ್ರರಾಷ್ಟ್ರಗಳ ಸಾಲಿಗೆ ಸೇರಿಸಿ, ವ್ಯೂಹಾತ್ಮಕ ಸರಕುಗಳ ಪರವಾನಗಿಯಲ್ಲಿ ಮೊದಲ ಶ್ರೇಣಿಯ ರಿಯಾಯಿತಿ ನೀಡಿತು. ದೆಹಲಿಯಲ್ಲಿ ಇದನ್ನು ಸಂಭ್ರಮದಿಂದ ಸ್ವಾಗತಿಸಲಾಯಿತು, ತಪ್ಪೇನಿಲ್ಲ. ಆದರೆ ಸೈನಿಕ ಎಂಜಿನ್ನಿನ ಬಿಸಿಭಾಗವನ್ನು ತಯಾರಿಸುವ ವಿದ್ಯೆಯನ್ನು ಆ ರಿಯಾಯಿತಿಯಿಂದ ಅಮೆರಿಕದ ನಿಯಮಗಳೇ ಹೊರಗಿಟ್ಟಿವೆ. ನೆಂಟಸ್ತಿಕೆ ಎಷ್ಟೇ ಬೆಳೆದರೂ ಆ ಒಂದು ಕೋಣೆಯ ಬೀಗದ ಕೈ ಗೊಂಚಲಿನಲ್ಲಿ ಇರುವುದಿಲ್ಲ.

ಸಮುದ್ರದಲ್ಲಿಯೂ ಕಥೆ ಇದಕ್ಕಿಂತ ಭಿನ್ನವಲ್ಲ. 1987ರಲ್ಲಿ ಬಯಲಾದ ತೋಷಿಬಾ ಪ್ರಕರಣ ಹಿರಿಯ ಓದುಗರಿಗೆ ನೆನಪಿರಬಹುದು. ತೋಷಿಬಾದ ಅಂಗಸಂಸ್ಥೆಯೊಂದು ಎಂಬತ್ತರ ದಶಕದ ಆರಂಭದಲ್ಲಿ ಒಂಬತ್ತು ಅಕ್ಷಗಳ ಲೋಹ ಕೊರೆಯುವ ಯಂತ್ರಗಳನ್ನು ಲೆನಿನ್‌ಗ್ರಾಡ್‌ನ ಹಡಗುಕಟ್ಟೆಗೆ ಮಾರಿತ್ತು. ಅವುಗಳ ಕಂಪ್ಯೂಟರ್ ನಿಯಂತ್ರಕವನ್ನು ಒದಗಿಸಿದ್ದು ನಾರ್ವೆಯ ಕಾಂಗ್ಸ್‌ಬರ್ಗ್. ಆ ಯಂತ್ರಗಳಿಂದ ಸೋವಿಯತ್ ಜಲಾಂತರ್ಗಾಮಿಗಳ ಪ್ರೊಪೆಲರ್‌ಗಳು ಸದ್ದಡಗಿದವೆಂಬುದು ಅಮೆರಿಕದ ಆರೋಪ. ಅಲ್ಲಿನ ಸಂಸದರು ಸಂಸತ್ ಭವನದ ಮುಂದೆಯೇ ಸುತ್ತಿಗೆ ಹಿಡಿದು ತೋಷಿಬಾ ರೇಡಿಯೊವನ್ನು ಒಡೆದರು. ಮಾತೃಸಂಸ್ಥೆಯ ಅಧ್ಯಕ್ಷರೂ ಮುಖ್ಯಸ್ಥರೂ ರಾಜೀನಾಮೆ ಕೊಡಬೇಕಾಯಿತು. ಅಲ್ಲಿ ನಿಯಮ ಮುರಿದು ಹೋದದ್ದು ಜಲಾಂತರ್ಗಾಮಿಯಲ್ಲ, ಪ್ರೊಪೆಲರ್ ಕೂಡ ಅಲ್ಲ. ಪ್ರೊಪೆಲರ್ ಕೊರೆಯುವ ಯಂತ್ರ.

ಇತ್ತೀಚಿನ ಎರಡು ಪ್ರಕರಣಗಳು ನಮಗೆ ಹೆಚ್ಚು ಹತ್ತಿರದವು. 2014ರಲ್ಲಿ ಕ್ರಿಮಿಯಾ ರಷ್ಯಾದ ವಶವಾದ ಮೇಲೆ ಉಕ್ರೇನ್ ರಷ್ಯಾಕ್ಕೆ ಸೈನಿಕ ಸರಕುಗಳ ರಫ್ತನ್ನು ನಿಲ್ಲಿಸಿತು. ರಷ್ಯಾದ ಗ್ರಿಗೊರೊವಿಚ್ ವರ್ಗದ ಫ್ರಿಗೇಟ್‌ಗಳಿಗೆ ಗ್ಯಾಸ್ ಟರ್ಬೈನ್ ಬರುತ್ತಿದ್ದದ್ದು ಉಕ್ರೇನಿನ ಮಿಕೊಲಾಯಿವ್‌ನ ಜೋರ್ಯಾ-ಮಾಶ್‌ಪ್ರೊಯೆಕ್ಟ್ ಕಾರ್ಖಾನೆಯಿಂದ. ಕಲಿನಿನ್‌ಗ್ರಾಡ್‌ನ ಯಾಂತಾರ್ ಕಟ್ಟೆಯಲ್ಲಿ ಹಡಗಿನ ಒಡಲುಗಳು ಎಂಜಿನ್ನಿಲ್ಲದೆ ನಿಂತವು. ಅವುಗಳಲ್ಲಿ ಎರಡನ್ನು ಕೊಳ್ಳಲು 2018ರಲ್ಲಿ ಭಾರತ ಒಪ್ಪಂದ ಮಾಡಿಕೊಂಡಿತು. ಎಂಜಿನ್ನನ್ನು ನಾವೇ ಉಕ್ರೇನಿನಿಂದ ಕೊಂಡು ರಷ್ಯಾದ ಕಟ್ಟೆಗೆ ತಲುಪಿಸಿದೆವು. ಐಎನ್‌ಎಸ್ ತುಶಿಲ್ 2024ರ ಡಿಸೆಂಬರ್ 9ರಂದು, ಐಎನ್‌ಎಸ್ ತಮಾಲ್ 2025ರ ಜುಲೈ 1ರಂದು ನಮ್ಮ ನೌಕಾಪಡೆ ಸೇರಿದವು. ಪರಸ್ಪರ ಯುದ್ಧದಲ್ಲಿರುವ ಎರಡು ದೇಶಗಳ ದುಡಿಮೆ ಒಂದೇ ಒಡಲಿನಲ್ಲಿ ಕೂಡಿತು. ನಮ್ಮ ರಾಜತಾಂತ್ರಿಕರ ಜಾಣ್ಮೆಯನ್ನು ಮೆಚ್ಚಬೇಕು. ಆದರೆ ದೆಹಲಿ, ಕೋಲ್ಕತಾ, ವಿಶಾಖಪಟ್ಟಣಂ ವರ್ಗದ ನಮ್ಮ ಡೆಸ್ಟ್ರಾಯರ್‌ಗಳನ್ನು ಓಡಿಸುವ ಟರ್ಬೈನ್‌ಗಳೂ ಅದೇ ಮಿಕೊಲಾಯಿವ್‌ನಿಂದ ಬಂದವು ಎಂಬುದನ್ನು ನೆನೆದರೆ ಆ ಮೆಚ್ಚುಗೆಯೊಂದಿಗೆ ಕಳವಳವೂ ಬೆರೆಯುತ್ತದೆ.

ಅಷ್ಟು ಅದೃಷ್ಟ ಥಾಯ್ಲೆಂಡಿಗೆ ಒದಗಲಿಲ್ಲ. ಅದು 2017ರಲ್ಲಿ ಚೀನಾದಿಂದ ಜರ್ಮನ್ ಡೀಸೆಲ್ ಎಂಜಿನ್ ಕೂಡಿಸಿದ ಜಲಾಂತರ್ಗಾಮಿಗೆ ಒಪ್ಪಂದ ಮಾಡಿಕೊಂಡಿತು. ಐರೋಪ್ಯ ಒಕ್ಕೂಟ 1989ರಿಂದ ಚೀನಾದ ಮೇಲೆ ಹೇರಿರುವ ಶಸ್ತ್ರಾಸ್ತ್ರ ನಿರ್ಬಂಧವನ್ನು ಮುಂದೊಡ್ಡಿ ಜರ್ಮನಿ ಎಂಜಿನ್ ಕೊಡಲು ನಿರಾಕರಿಸಿತು. ವರ್ಷಗಟ್ಟಲೆ ಹಗ್ಗಜಗ್ಗಾಟ ನಡೆದು, ಕೊನೆಗೆ 2025ರಲ್ಲಿ ಚೀನಾದ್ದೇ ಎಂಜಿನ್ನನ್ನು ಥಾಯ್ಲೆಂಡ್ ಒಪ್ಪಿಕೊಳ್ಳಬೇಕಾಯಿತು. ನಿರ್ಬಂಧವಿದ್ದದ್ದು ಮಾರುವವನ ಮೇಲೆ. ಕೈ ಸುಟ್ಟುಕೊಂಡದ್ದು ಕೊಳ್ಳುವವನು.

ಯುದ್ಧಕ್ಕೆ ಸಂಬಂಧವೇ ಇಲ್ಲದ ಕಡೆಯೂ ಪಟ್ಟಿಯ ನೆರಳು ಬೀಳುತ್ತದೆ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮೂವರನ್ನು ಆರು ಸಾವಿರ ಮೀಟರ್ ಆಳಕ್ಕೆ ಒಯ್ಯಬಲ್ಲ ಮತ್ಸ್ಯ-6000 ವಾಹನವನ್ನು ರೂಪಿಸುತ್ತಿದೆ. ಅಲ್ಲಿನ ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ ಸುಮಾರು 600 ಪಟ್ಟು. ಮನುಷ್ಯರು ಕೂರುವ 2.1 ಮೀಟರ್ ವ್ಯಾಸದ ಟೈಟಾನಿಯಂ ಗೋಳವೊಂದಿದ್ದರೆ ಸಾಲದು. ವಾಹನ ಮತ್ತೆ ಮೇಲಕ್ಕೇಳಲು ಆ ಒತ್ತಡದಲ್ಲೂ ಕುಗ್ಗದ, ನೀರಿಗಿಂತ ಹಗುರವಾದ ಒಂದು ವಿಶೇಷ ಫೋಮ್ ಬೇಕು. ವಾಸ್ಸೆನಾರ್ ಪಟ್ಟಿಯ ಎಂಟನೆಯ ವರ್ಗದಲ್ಲಿ ಅದೂ ಇದೆ: ಸಾವಿರ ಮೀಟರ್‌ಗಿಂತ ಹೆಚ್ಚಿನ ಆಳಕ್ಕೆಂದು ರೂಪಿಸಿದ, ಘನ ಮೀಟರಿಗೆ 561 ಕಿಲೋಗ್ರಾಂಗಿಂತ ಕಡಿಮೆ ತೂಗುವ ಫೋಮ್. ಸಮುದ್ರತಳದ ಖನಿಜ ಹುಡುಕುವ ವಿಜ್ಞಾನಿಗೂ ಶತ್ರುವಿನ ಕೇಬಲ್ ಹುಡುಕುವ ನಾವಿಕನಿಗೂ ಬೇಕಾದದ್ದು ಅದೇ ಫೋಮ್ ಎಂಬುದು ಪಟ್ಟಿ ಬರೆದವರ ತರ್ಕ. ಆ ತರ್ಕವನ್ನು ತಳ್ಳಿಹಾಕುವಂತಿಲ್ಲ.

ಇಲ್ಲಿ ನನ್ನ ವೃತ್ತಿಜೀವನದ ಒಂದು ಮಾತು. ನಾನು ಸೇವೆಗೆ ಸೇರಿದ ಎಂಬತ್ತರ ದಶಕದಲ್ಲಿ ನಮ್ಮದೇ ಆಮದು ಪರವಾನಗಿಯ ಸಾಮ್ರಾಜ್ಯ ಪೂರ್ಣ ವೈಭವದಲ್ಲಿತ್ತು. ಪರವಾನಗಿ ಮೇಜಿನ ಹಿಂದೆ ಕುಳಿತವನ ಮನಸ್ಸು ಹೇಗೆ ಓಡುತ್ತದೆಂಬುದನ್ನು ನಾನು ಹತ್ತಿರದಿಂದ ಬಲ್ಲೆ. ಅನುಮತಿ ಕೊಟ್ಟು ಮುಂದೆ ಅನಾಹುತವಾದರೆ ವಿವರಣೆ ಕೇಳುತ್ತಾರೆ. ಕಡತವನ್ನು 'ಇನ್ನಷ್ಟು ಮಾಹಿತಿ ಕೋರಿ' ಹಿಂದಿರುಗಿಸಿದರೆ ಯಾರೂ ಕೇಳುವುದಿಲ್ಲ. ವಾಷಿಂಗ್ಟನ್, ಬರ್ಲಿನ್ ಅಥವಾ ಬೀಜಿಂಗ್‌ನ ಮೇಜುಗಳು ಇದಕ್ಕೆ ಹೊರತೆಂದು ನಂಬಲು ಕಾರಣವಿಲ್ಲ. ಸುಂಕವಾದರೆ ಎಷ್ಟೆಂದು ಲೆಕ್ಕ ಹಾಕಿ ಬೆಲೆಯಲ್ಲಿ ಸೇರಿಸಿಕೊಳ್ಳಬಹುದು. ಅನುಮತಿಗೆ ಬೆಲೆಯ ಚೀಟಿಯಿಲ್ಲ. ಅದು ಯಾವಾಗ ಬರುತ್ತದೆ, ಬಂದದ್ದು ಎಷ್ಟು ದಿನ ಉಳಿಯುತ್ತದೆ ಎಂಬುದು ಕೊಂಡವನ ಕೈಯಲ್ಲಿಲ್ಲ. ನನ್ನ ದೃಷ್ಟಿಯಲ್ಲಿ ರಫ್ತು ನಿಯಂತ್ರಣದ ನಿಜವಾದ ಹೊರೆ ನಿರಾಕರಣೆಗಿಂತ ಹೆಚ್ಚಾಗಿ ಈ ಅನಿಶ್ಚಿತತೆಯೇ. ನಿರಾಕರಣೆಯಿಂದ ಹಟ ಹುಟ್ಟುತ್ತದೆ. 1993ರಲ್ಲಿ ಕ್ರಯೋಜೆನಿಕ್ ತಂತ್ರಜ್ಞಾನ ಕೈತಪ್ಪಿದ ಮೇಲೆ ಇಸ್ರೋ ಎರಡು ದಶಕ ಹೆಣಗಿ, 2014ರ ಜನವರಿಯಲ್ಲಿ ಸ್ವಂತ ಎಂಜಿನ್ನಿನಿಂದ ಜಿಎಸ್‌ಎಲ್‌ವಿಯನ್ನು ಯಶಸ್ವಿಯಾಗಿ ಹಾರಿಸಿತು. ಎಂಜಿನ್ ಸಿಗುತ್ತಿರುವವರೆಗೆ ಮಾತ್ರ ಆ ಹಟ ಹುಟ್ಟುವುದಿಲ್ಲ. ಸಿಗುವ ಎಂಜಿನ್ ಸಿಗದ ವಿದ್ಯೆಯನ್ನು ಮರೆಸುತ್ತದೆ.

ಕಾವೇರಿ ಎಂಜಿನ್ನಿನ ಇತಿಹಾಸದಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ. ಬೆಂಗಳೂರಿನ ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆಗೆ 1989ರಲ್ಲಿ 382.81 ಕೋಟಿ ರೂಪಾಯಿಯೊಂದಿಗೆ ಮಂಜೂರಾದ ಯೋಜನೆಯದು. ಗುರಿ 81 ಕಿಲೋನ್ಯೂಟನ್ ನೂಕುಬಲ. ಮುಟ್ಟಿದ್ದು ಸುಮಾರು 70. 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಲಾಯಿತು. ಇದನ್ನು ವೈಫಲ್ಯದ ಮಾದರಿಯಾಗಿ ಉದಾಹರಿಸುವುದು ರೂಢಿಯಾಗಿದೆ. ನಾನು ಆ ಗುಂಪಿಗೆ ಸೇರಿದವನಲ್ಲ. ಮೂರು ದಶಕಗಳಲ್ಲಿ ಅದಕ್ಕೆ ಖರ್ಚಾದದ್ದು ಎರಡು ಸಾವಿರ ಕೋಟಿಯ ಆಸುಪಾಸು. 2021ರಲ್ಲಿ ತೇಜಸ್ ಮಾರ್ಕ್-1ಎ ವಿಮಾನಗಳಿಗಾಗಿ ಜಿಇಯಿಂದ 99 ಎಫ್-404 ಎಂಜಿನ್‌ಗಳನ್ನು ಕೊಳ್ಳಲು ಎಚ್‌ಎಎಲ್ ಮಾಡಿಕೊಂಡ ಒಪ್ಪಂದದ ಮೊತ್ತ 5,375 ಕೋಟಿ. ಒಂದೇ ಖರೀದಿಯ ಅರ್ಧಕ್ಕೂ ಕಡಿಮೆ ಹಣದಲ್ಲಿ ಒಂದು ಪೀಳಿಗೆಯ ಎಂಜಿನಿಯರುಗಳು ಶೂನ್ಯದಿಂದ ಎಂಜಿನ್ ಕಟ್ಟಬೇಕೆಂದು ನಾವು ನಿರೀಕ್ಷಿಸಿದೆವು. ಎತ್ತರದ ಹಾರಾಟದಲ್ಲಿ ಪರೀಕ್ಷಿಸುವ ಸೌಕರ್ಯ ಇಲ್ಲಿರಲಿಲ್ಲವಾದ್ದರಿಂದ ಎಂಜಿನ್ನನ್ನು ರಷ್ಯಾಕ್ಕೆ ಒಯ್ದು, 2010ರಲ್ಲಿ ಅಲ್ಲಿನ ಐಎಲ್-76 ವಿಮಾನಕ್ಕೆ ಜೋಡಿಸಿ ಹಾರಿಸಬೇಕಾಯಿತು. ಪರೀಕ್ಷೆಯ ಸರದಿಗೂ ಪರರ ಅನುಮತಿಯೇ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ನಮ್ಮ ಎಲ್ಲ ವಿಳಂಬಕ್ಕೂ ಪರದೇಶದ ನಿರ್ಬಂಧವೇ ಕಾರಣವೆನ್ನುವುದು ಸುಲಭದ ದೇಶಭಕ್ತಿ. 2021ರ ಆ 99 ಎಂಜಿನ್‌ಗಳಲ್ಲಿ ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ಆ ವರ್ಷದ ಫೆಬ್ರುವರಿಯಲ್ಲಿ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ವಾಯುಪಡೆಯ ಮುಖ್ಯಸ್ಥರು ತೇಜಸ್ ವಿಳಂಬದ ಬಗ್ಗೆ ಬಹಿರಂಗವಾಗಿಯೇ ಅಸಮಾಧಾನ ತೋರಿದ್ದರು. ಆದರೆ ಎಂಜಿನ್ ತಡವಾದದ್ದು ಪರವಾನಗಿ ಸಿಗದೆ ಅಲ್ಲ. ಜಿಇ ಆ ಮಾದರಿಯ ಉತ್ಪಾದನಾ ಸಾಲನ್ನೇ ನಿಲ್ಲಿಸಿತ್ತು, ಅದನ್ನು ಮತ್ತೆ ಹೂಡಬೇಕಾಯಿತು. ಸ್ನೇಹವಿದ್ದೂ, ಪರವಾನಗಿಯಿದ್ದೂ, ಒಂದೇ ಅಂಗಡಿಯ ಗಿರಾಕಿ ಕಾಯಲೇಬೇಕು. 2025ರ ಸೆಪ್ಟೆಂಬರ್ 26ರಂದು ಕೊನೆಯ ಮಿಗ್-21ಗಳು ನಿವೃತ್ತಿಯಾದಾಗ ಅವುಗಳ ಜಾಗ ತುಂಬಬೇಕಾದ ಮಾರ್ಕ್-1ಎ ವಾಯುಪಡೆಯ ಕೈ ಸೇರಿರಲಿಲ್ಲ.

ಇದೆಲ್ಲದರ ಬೆಳಕಿನಲ್ಲಿ ಮುಂದಿನ ಎಂಜಿನ್ನಿನ ಒಪ್ಪಂದವನ್ನು ನೋಡಬೇಕು. 2023ರ ಜೂನ್‌ನಲ್ಲಿ ಪ್ರಧಾನಿ ವಾಷಿಂಗ್ಟನ್‌ಗೆ ಹೋದಾಗ ಎಫ್-414 ಎಂಜಿನ್ನನ್ನು ಭಾರತದಲ್ಲೇ ತಯಾರಿಸಲು ಜಿಇ ಮತ್ತು ಎಚ್‌ಎಎಲ್ ನಡುವೆ ತಿಳಿವಳಿಕೆ ಪತ್ರಕ್ಕೆ ಸಹಿಯಾಯಿತು. ಶೇ 80ರಷ್ಟು ತಂತ್ರಜ್ಞಾನ ವರ್ಗಾವಣೆ ಎಂಬುದು ಆಗಿನಿಂದ ಮಂತ್ರದಂತಾಗಿದೆ. ಆ ಶೇ 80 ಮೌಲ್ಯದ ಲೆಕ್ಕದಲ್ಲಿ. ಮೌಲ್ಯದ ಲೆಕ್ಕದಲ್ಲಿ ಕವಚ, ಕೊಳವೆ, ದಂಡ ಎಲ್ಲವೂ ತೂಗುತ್ತವೆ. ಗುಟ್ಟಿನ ಲೆಕ್ಕದಲ್ಲಿ ಉಳಿದ ಶೇ 20 ಉಳಿದದ್ದೆಲ್ಲಕ್ಕಿಂತ ಭಾರ. ಪತ್ರಿಕೆಗಳಲ್ಲಿ ವರದಿಯಾದ ವರ್ಗಾವಣೆ ಪಟ್ಟಿಯಲ್ಲಿ ಏಕಸ್ಫಟಿಕ ಬ್ಲೇಡಿನ ಮಾತಿದೆ, ನಿಜ. ಆದರೆ ಅಲ್ಲಿರುವುದು ಎರಕವಾಗಿ ಬಂದ ಬ್ಲೇಡನ್ನು ಯಂತ್ರದಲ್ಲಿ ಹದಗೊಳಿಸುವ ಮತ್ತು ಅದಕ್ಕೆ ಲೇಪನ ಕೊಡುವ ವಿದ್ಯೆ. ಎರಕ ಹೊಯ್ಯುವುದಲ್ಲ. ಕೊಟ್ಟ ಹಿಟ್ಟನ್ನು ತಟ್ಟಿ ಬೇಯಿಸಲು ಕಲಿತವನಿಗೆ ಹಿಟ್ಟು ನಾದುವ ಹದ ತಾನಾಗಿ ಬರುವುದಿಲ್ಲ.

ಹಾಗೆಂದು ಒಪ್ಪಂದ ಬೇಡವೆನ್ನುವುದು ಅವಿವೇಕ. ಲೇಪನದ ವಿದ್ಯೆಯೂ ಸಣ್ಣದಲ್ಲ. ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾ ಪ್ರಯೋಗಾಲಯ ಹೆಲಿಕಾಪ್ಟರ್ ಎಂಜಿನ್ನಿಗಾಗಿ 60 ಏಕಸ್ಫಟಿಕ ಬ್ಲೇಡುಗಳನ್ನು ತಯಾರಿಸಿ ಎಚ್‌ಎಎಲ್‌ಗೆ ಒಪ್ಪಿಸಿದೆಯೆಂದು ಡಿಆರ್‌ಡಿಒ 2021ರಲ್ಲಿ ಪ್ರಕಟಿಸಿತು. ಎರಕದ ಮನೆಗೆ ಅಡಿಪಾಯ ಬಿದ್ದಿದೆ ಎಂದಾಯಿತು. ಅರುವತ್ತರಿಂದ ಸಾವಿರಾರಕ್ಕೆ, ಹೆಲಿಕಾಪ್ಟರಿನಿಂದ ಯುದ್ಧವಿಮಾನಕ್ಕೆ ಹೋಗುವ ದಾರಿ ಉದ್ದವಾದದ್ದು ಮಾತ್ರ. 2025ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವರು ಫ್ರಾನ್ಸಿನ ಸಫ್ರಾನ್ ಜೊತೆ ಸೇರಿ ಭಾರತದಲ್ಲಿ ಯುದ್ಧವಿಮಾನದ ಎಂಜಿನ್ ಅಭಿವೃದ್ಧಿಪಡಿಸುವ ನಿರ್ಧಾರವನ್ನು ಪ್ರಕಟಿಸಿದರು. ಜೊತೆಗೂಡಿ ವಿನ್ಯಾಸದಿಂದಲೇ ಆರಂಭಿಸುವ ಈ ದಾರಿ, ಸಿದ್ಧ ಎಂಜಿನ್ನನ್ನು ಜೋಡಿಸುವ ದಾರಿಗಿಂತ ನನಗೆ ಹೆಚ್ಚು ಸರಿಯೆನಿಸುತ್ತದೆ. ಅದರ ಹಕ್ಕುಸ್ವಾಮ್ಯದ ಷರತ್ತುಗಳನ್ನು ನೋಡಿಯೇ ಮುಂದಿನ ಮಾತು.

ನಾವೂ ಈಗ ಪಟ್ಟಿಯ ಈಚೆ ಕಡೆಯವರೆಂಬುದನ್ನು ಮರೆಯಬಾರದು. 1992ರ ವಿದೇಶಿ ವ್ಯಾಪಾರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯ ಬಲದಿಂದ ನಮ್ಮ ಸ್ಕೋಮೆಟ್ ಪಟ್ಟಿ ನಡೆಯುತ್ತದೆ. ವಾಸ್ಸೆನಾರ್‌ನ ಸಾಗರ ಮತ್ತು ವೈಮಾನಿಕ ವರ್ಗಗಳು ಅದರ ಎಂಟನೆಯ ವಿಭಾಗದಲ್ಲಿ ಸೇರಿವೆ. ಪೀಣ್ಯದಲ್ಲೋ ಬೆಳಗಾವಿಯಲ್ಲೋ ವಿದೇಶಿ ಎಂಜಿನ್ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಉದ್ಯಮಿಗೆ ಈ ನಿಯಮಗಳು ದೆಹಲಿಯ ಮಾತಲ್ಲ, ದಿನನಿತ್ಯದ ಮಾತು. ಇಮೇಲ್‌ನಲ್ಲಿ ಹೋದ ಒಂದು ನಕ್ಷೆಯೂ ರಫ್ತೇ. ತಪ್ಪಿದರೆ ದಂಡ ಮಾತ್ರವಲ್ಲ, ಗಿರಾಕಿಯೂ ಹೋಗುತ್ತಾನೆ. ಹತ್ತಿಪ್ಪತ್ತು ಜನರ ಕಾರ್ಖಾನೆ ಇದಕ್ಕಾಗಿ ವಕೀಲರನ್ನು ಇಟ್ಟುಕೊಳ್ಳಲಾರದು. ರಾಜ್ಯದ ಕೈಗಾರಿಕಾ ಇಲಾಖೆ ಇಂಥ ಘಟಕಗಳಿಗಾಗಿ ಒಂದು ಸಲಹಾ ಕೇಂದ್ರ ತೆರೆಯುವುದು ದೊಡ್ಡ ಖರ್ಚಿನ ಬಾಬತ್ತಲ್ಲ.

ದೊಡ್ಡ ಖರ್ಚಿನದು ಬೇರೆಯಿದೆ. ಎಫ್-414ರ ವರ್ಗಾವಣೆಯನ್ನು ಶೇಕಡಾವಾರಿನಲ್ಲಿ ಹೇಳುವುದನ್ನು ಬಿಟ್ಟು, ಪ್ರಕ್ರಿಯೆವಾರು ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂಬ ವಿವರವನ್ನು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ ಕೇಳಿ ಪಡೆಯಬೇಕು. ಬಾರದಿರುವ ಪ್ರತಿಯೊಂದು ಪ್ರಕ್ರಿಯೆಯ ಎದುರು ಅದನ್ನು ಕಲಿಯಬೇಕಾದ ಪ್ರಯೋಗಾಲಯದ ಹೆಸರು ಮತ್ತು ಹತ್ತು ವರ್ಷಗಳ ಅನುದಾನ ಬರೆದಿರಬೇಕು. ಎಂಜಿನ್ನನ್ನು ಆಗಸದಲ್ಲಿ ಪರೀಕ್ಷಿಸುವ ಸ್ವಂತ ವಿಮಾನವೊಂದೂ ಆ ಲೆಕ್ಕದಲ್ಲಿ ಸೇರಬೇಕು. ಈ ಹಣ ಎಂಜಿನ್ ಖರೀದಿಯ ಬಾಬತ್ತಿನೊಳಗೆ ಅಡಗಿರಬಾರದು. ಖರೀದಿ ತಡವಾದ ವರ್ಷ ಮೊದಲು ಕತ್ತರಿ ಬೀಳುವುದು ಸಂಶೋಧನೆಗೇ ಎಂಬುದು ಬಜೆಟ್ ತಯಾರಿಯಲ್ಲಿ ಕುಳಿತವರೆಲ್ಲ ಬಲ್ಲ ಸಂಗತಿ. ಆದ್ದರಿಂದ ಅದು ಪ್ರತ್ಯೇಕ ಲೆಕ್ಕಶೀರ್ಷಿಕೆಯಡಿ, ಪ್ರತಿವರ್ಷ ಸಂಸತ್ತಿನ ಕಣ್ಣಿಗೆ ಬೀಳುವಂತೆ ಇರಬೇಕು.